ಹೆಸರಿಲ್ಲದ ಮೂರು ಬಟನ್

ವೆಬ್‌ಸೈಟಿನ ಪ್ರತಿ ಬಟನ್ನಿಗೂ ಹೆಸರು ಬರೀಬೇಕು ಅನ್ನೋದು ವೆಬ್‌ಸೈಟ್ ಮಾಡೋರೆಲ್ಲಾ ಪಾಲಿಸಬೇಕಾದ ನಿಯಮ. "ಚಿತ್ರ ಇದ್ರ ಸಾಕು, ಹೆಸರು ಯಾರು ನೋಡ್ತಾರ?" ಅಂತ ವೆಬ್‌ಸೈಟ್ ಮಾಡೋ ನಮ್ಮ ಆಫೀಸಿನ್ಯಾಗ ವಾದ ಮಾಡಿ ಗೆದ್ದಾಂವ ನಾ.

ಮುಂಡರಗಿ ಬಸ್ಸಿನ್ಯಾಗ ನನ್ನ ಬಾಜೂಕ ಕಣ್ಣು ಕಾಣದ ತಬಲಾ ಮಾಸ್ತರೊಬ್ಬರು ಕುಂತಿದ್ರು. ಫೋನಿನ್ಯಾಗ ನೌಕರಿ ಅರ್ಜಿ ತುಂಬಿದ್ರು. ಅದನ್ನ ಕಳಸಾಕ ಅವತ್ತ ಕಡೀ ದಿನ. ಪರದೆ ಓದಿ ಹೇಳೋ ಅವರ ಫೋನು "ಬಟನ್, ಬಟನ್, ಬಟನ್" ಅಂತಷ್ಟ ಅನ್ನಾಕತ್ತಿತ್ತು. ಇಣುಕಿ ನೋಡಿದ್ರ, ನಾ ಮಾಡಿದ್ದ ಪುಟ! ನಡುವಿನ ಬಟನ್ ಒತ್ತಿದ್ರ ಅರ್ಜಿ ಪೂರಾ ಅಳಿಸಿ ಹೋಗತೈತಿ.

"ಯಾವದಾರ ಒಂದು ಒತ್ತೇ ಬಿಡ್ತೀನಿ," ಅಂದ್ರು. ಬೆರಳು ನಡುವಿಂದಕ್ಕ ಬಂತು. ನಾ ಚೀರಿದೆ.

"ಅದು ಬ್ಯಾಡ್ರೀ! ಬಲಗಡೇದು ಒತ್ರಿ!"

ಒತ್ತಿದ್ರು. ಅರ್ಜಿ ಮುಟ್ಟಿತು ಅಂತ ಫೋನು ಹೇಳಿತು.

"ಭಾಳ ಉಪಕಾರ ಆತ್ರಿ," ಅಂದ್ರು ಮಾಸ್ತರು. "ಇದನ್ನ ಮಾಡಿದಾಂವ ಒಮ್ಮೆ ನನ್ನ ಕೈಯಾಗ ಸಿಗಬೇಕ ನೋಡ್ರಿ."

ನನ್ನ ಟಿಕೀಟು ಮುಂಡರಗಿ ತನಕ ಇತ್ತು. ನಡುವ ಬಂದ ಡಂಬಳದಾಗ ಇಳಿದುಬಿಟ್ಟೆ.