ಮೂಡಲಗಿರಿಯಪ್ಪನ ಕೊನೆಯ ಸಾಕ್ಷಿ

ಎರಡು ಹೊಲಗಳ ನಡುವಿನ ಬಾಂದುಕಲ್ಲು ಎಲ್ಲಿ ಹೂತಿದೆ ಎಂದು ತಿಳಿಯಬೇಕಾದರೆ ನಮ್ಮ ತಾಳ್ಯದವರು ಸರ್ವೆಯವರಿಗಿಂತ ಮೊದಲು ಮೂಡಲಗಿರಿಯಪ್ಪನನ್ನು ಕರೆಯುತ್ತಿದ್ದರು. ಎಪ್ಪತ್ತಾರು ವರ್ಷದ ಆಸಾಮಿ ಬಂದು, ಕಾಲಿನಿಂದ ನೆಲ ತಟ್ಟಿ "ಇಲ್ಲಿ ಅಗೀರಿ" ಎನ್ನುತ್ತಿದ್ದ. ಕಲ್ಲು ಸಿಗುತ್ತಿತ್ತು. ಅಂಥವನಿಗೆ ಜಂಬ ಇರಬಾರದೇ? ಬೇಕಾದಷ್ಟಿತ್ತು.

ಹೋದ ವರ್ಷ ಸಕ್ಕರೆ ಕಾಯಿಲೆಯವರಿಗೆಂದು ಹೊಳಲ್ಕೆರೆಯಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ಹೋದ. ಡಾಕ್ಟರ್ ಪಲ್ಲವಿ ಕಣ್ಣಿನ ಹಿಂಭಾಗವನ್ನು ಸ್ಕ್ಯಾನ್ ಮಾಡಿ ಹೇಳಿದರು: "ಅಜ್ಜ, ಅಕ್ಷಿಪಟಲದ ನರದ ಪದರ ಸ್ವಲ್ಪ ತೆಳ್ಳಗಾಗಿದೆ. ಕೆಲವರಲ್ಲಿ ಇದು ಮರೆವಿನ ಕಾಯಿಲೆಯ ಮುಂಚಿನ ಸುಳಿವು ಇರಬಹುದು. ಬೇರೆ ಕಾರಣಕ್ಕೂ ಹೀಗಾಗುತ್ತೆ. ಇನ್ನೂ ಸಂಶೋಧನೆ ನಡೀತಿದೆ, ಗಾಬರಿ ಬೇಡ."

ಜೊತೆಗೆ ಹೋಗಿದ್ದ ತಮ್ಮ ಬೋರಣ್ಣ 'ಇರಬಹುದು' ಎಂಬುದನ್ನು ಬಸ್ಸಿನಲ್ಲೇ ಬಿಟ್ಟು ಊರಿಗೆ ಬಂದ.

ಮಾರನೆಯ ದಿನ ಜನ ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತರು. "ಮರೆಯೋದ್ರೊಳಗೆ ನಮ್ಮ ಕಲ್ಲು ಎಲ್ಲೈತೆ ಹೇಳ್ಬಿಡ್ರಿ." ಎಲ್ಲರಿಗೂ ಹೇಳಿದ, ಒಂದೂ ತಪ್ಪಲಿಲ್ಲ. ನೆನಪು ಗಟ್ಟಿಯಾಗಿಯೇ ಇತ್ತು. ಅವನ ಕಷ್ಟವೂ ಅದೇ.

ನಲವತ್ತು ವರ್ಷದ ಹಿಂದೆ ಅವನೊಂದು ಸುಳ್ಳು ಸಾಕ್ಷಿ ಹೇಳಿದ್ದ. ವಿಧವೆ ಹನುಮಮ್ಮನ ಹುಣಸೆಮರ ಪಕ್ಕದ ಹೊಲದ ತಮ್ಮ ಬೋರಣ್ಣನಿಗೆ ಸೇರಲಿ ಎಂದು, ಕಲ್ಲನ್ನು ತಾನೇ ಕಿತ್ತು ಮರದಾಚೆ ಹೂತು, ಪಂಚಾಯಿತಿಯಲ್ಲಿ ಅದನ್ನೇ ಅಗೆಸಿ ತೋರಿಸಿದ್ದ. ಇದು ಗೊತ್ತಿದ್ದವನು ಅವನೊಬ್ಬನೇ. ತಾನು ಮರೆತರೆ ಸುಳ್ಳೇ ಉಳಿಯುತ್ತದೆಂದು ಅವನಿಗೆ ನಿಜಕ್ಕೂ ಹೆದರಿಕೆಯಾಯಿತು.

ಊರ ಕಟ್ಟೆಯ ಮೇಲೆ ಎಲ್ಲರೆದುರು ಹೇಳಿಯೇಬಿಟ್ಟ. "ಆ ಮರ ಹನುಮವ್ವಂದು. ಕಲ್ಲು ಸರಿಸಿದೋನು ನಾನೇ. ತಪ್ಪಾತು ಕಣವ್ವ."

ಬೋರಣ್ಣ ಕಣ್ಣೊರೆಸಿಕೊಂಡು, "ಡಾಕ್ಟ್ರಮ್ಮ ಹೇಳಿದ್ದು ಶುರುವಾತು ನೋಡ್ರಿ" ಎಂದ. ಅವನು ಅತ್ತಿದ್ದು ಅಣ್ಣನಿಗಾಗಿಯೋ ಮರಕ್ಕಾಗಿಯೋ ನಾನು ಹೇಳಲಾರೆ. ಇನ್ನು ಮುಂದೆ ಮೂಡಲಗಿರಿಯಪ್ಪನ ಮಾತು ಸಾಕ್ಷಿಗೆ ಬೇಡ, ಇದುವರೆಗೆ ಹೇಳಿದ್ದೆಲ್ಲ ಖಾಯಂ ಎಂದು ಹಿರಿಯರು ಅಲ್ಲೇ ತೀರ್ಮಾನಿಸಿದರು.

ಅವನು ಹನುಮಮ್ಮನ ಮುಖ ನೋಡಿದ. ಅವಳಾದರೂ ನಂಬಬೇಕಿತ್ತು.

ಹನುಮಮ್ಮ ಎದ್ದು ಬಂದು ಅವನ ಕೈ ಹಿಡಿದು ಅತ್ತಳು. "ಜಲ್ಮದಾಗೆ ಒಂದು ಸುಳ್ಳು ಹೇಳಿದೋನಲ್ಲ ನೀನು. ನಿಂಗೆ ಹಿಂಗಾತಲ್ಲಣ್ಣ! ಬಾ, ಮನಿಗೆ ಹೋಗಾಣ."