ಚಕ್ರಕ್ಕೆ ಕಲ್ಲು ಕೊಡುತ್ತಿದ್ದ ಓಂಕಾರಪ್ಪ ಮಾವ

ಭಾನುವಾರ, ನವೆಂಬರ್ 16. ಬೆಳಿಗ್ಗೆ 6.40ಕ್ಕೆ ಬರೆಯಲು ಕೂತೆ.

ಓಂಕಾರಪ್ಪ ಮಾವ ಗಾಡಿ ನಿಲ್ಲಿಸಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಕೆಳಗಿಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುವುದು. ನಮ್ಮ ಕಡೂರಿನ ಸ್ಟೇಷನ್ ರಸ್ತೆ ಹಲಗೆಯ ಹಾಗೆ ಸಮತಟ್ಟಾಗಿದೆ. ಅಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಬಿಟ್ಟರೂ ಗಾಡಿ ಒಂದು ಗೇಣು ಅಲ್ಲಾಡುವುದಿಲ್ಲ. ಆದರೂ ಅವರು ಸೀಟಿನ ಕೆಳಗಿಂದ ಗೋಣಿತಾಟಿನಲ್ಲಿ ಸುತ್ತಿದ್ದ ಕಲ್ಲನ್ನು ತೆಗೆದು, ಬಲಗಡೆಯ ಹಿಂಚಕ್ರಕ್ಕೆ ಒತ್ತಿ ಇಟ್ಟು, ಕಾಲಿನಿಂದ ಒಮ್ಮೆ ತಟ್ಟಿ ನೋಡುತ್ತಿದ್ದರು. ಅದು ಕೆಮ್ಮಣ್ಣುಗುಂಡಿಯ ಅದಿರಿನ ಕಲ್ಲು. ಕೆಂಪಗೆ, ಇಟ್ಟಿಗೆಯ ಅರ್ಧದಷ್ಟು ಗಾತ್ರ, ಎತ್ತಿದರೆ ಇಟ್ಟಿಗೆಯ ಎರಡರಷ್ಟು ಭಾರ.

ಅವರ ವ್ಯಾನಿನಲ್ಲಿ ನಾನು ಎರಡು ವರ್ಷ ಓಡಾಡಿದೆ. ತರೀಕೆರೆಯ ಒಂದು ಡಿಟಿಪಿ ಅಂಗಡಿಯಲ್ಲಿ ನನಗೆ ಕೆಲಸ. ಬೆಳಿಗ್ಗೆ 8.10ಕ್ಕೆ ಕಡೂರು ಬಿಟ್ಟರೆ ಒಂಬತ್ತಕ್ಕೆ ತರೀಕೆರೆ. ನನ್ನ ಡೈರಿಯ ಪ್ರಕಾರ ಒಟ್ಟು 412 ಬೆಳಗು. ಅದರಲ್ಲಿ ಅವರು ಕಲ್ಲು ಕೊಡುವುದನ್ನು ಮರೆತದ್ದು ಒಂದೇ ಒಂದು ದಿನ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಜೊತೆ ಬರುತ್ತಿದ್ದ ಬ್ಯಾಂಕಿನ ಮೇಡಂ ಒಬ್ಬರು ದಿನಾ ರೇಗಿಸುತ್ತಿದ್ದರು. "ಓಂಕಾರಪ್ಪನೋರೇ, ಇದು ಗುಡ್ಡ ಅಲ್ಲ, ಕಡೂರು ಕಣ್ರೀ."

"ಅದು ನಿಮಗ್ ಗೊತ್ತು ಮೇಡಂ. ಗಾಡಿಗ್ ಗೊತ್ತಾ?" ಎನ್ನುತ್ತಿದ್ದರು ಮಾವ.

ನಿಜವಾದ ಮಾವ ಅಲ್ಲ. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದುದರಿಂದ ನಮಗೆ ಮಾವ ಆದರು. ಊರು ಅಜ್ಜಂಪುರ. ಗಾಡಿ ಕಲಿತದ್ದು ಕೆಮ್ಮಣ್ಣುಗುಂಡಿಯ ಘಾಟಿಯಲ್ಲಿ, ಹೆಬ್ಬೆ ಜಲಪಾತಕ್ಕೆ ಜನರನ್ನು ಕರೆದೊಯ್ಯುವ ಜೀಪಿನಲ್ಲಿ. ಕಲ್ಲು ಕೊಡುವ ಅಭ್ಯಾಸ ಹತ್ತಿದ್ದು ಅಲ್ಲೇ. ಆಮೇಲೆ ಸೈನ್ಯದಲ್ಲಿ ಲಾರಿ ಓಡಿಸಿದರು. ಕೊನೆಗೆ ನಮ್ಮ ಸರ್ಕಾರದ ರಾಯಭಾರ ಕಚೇರಿಗಳಲ್ಲಿ ಕಾರು ಓಡಿಸಿದರು, ಮೂರು ದೇಶಗಳಲ್ಲಿ, ಹದಿನಾಲ್ಕು ವರ್ಷ. ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ಅಜ್ಜಂಪುರದ ತಂಗಿಯ ಮನೆಯಲ್ಲಿ ಇರಬಹುದಿತ್ತು. ಅದನ್ನು ಬಿಟ್ಟು ಕಡೂರಿನಲ್ಲಿ ನಮ್ಮ ಪಕ್ಕದ ಮನೆ ಬಾಡಿಗೆಗೆ ಹಿಡಿದು, ಕಡೂರು, ಬೀರೂರು, ತರೀಕೆರೆ ಎಂದು ಈ ವ್ಯಾನು ಓಡಿಸುತ್ತಿದ್ದರು. ಪೆನ್ಷನ್ ಬರುವವರಿಗೆ ಈ ತಿರುಗಾಟ ಯಾಕೆ ಎಂದು ಅಪ್ಪ ಆಗಾಗ ಕೇಳುತ್ತಿದ್ದರು.

ಬೀರೂರಿನಲ್ಲಿ ಅವರು ಐದು ನಿಮಿಷ ನಿಲ್ಲಿಸುತ್ತಿದ್ದರು. ಟೀ ಅಂಗಡಿಯ ಮುಂದೆ ನಿಂತು ಯಾರೊಡನೆಯಾದರೂ ಎರಡು ಮಾತಾಡಿ ಬರುತ್ತಿದ್ದರು. ಅಲ್ಲಿ ನಮ್ಮ ವ್ಯಾನಿಗೆ ಹತ್ತಿದವರು ಎರಡು ವರ್ಷದಲ್ಲಿ ಒಂಬತ್ತೇ ಜನ. ಸುಮ್ಮನೆ ಯಾಕೆ ನಿಲ್ಲಿಸುತ್ತೀರಿ ಎಂದರೆ, ಗಾಡಿಗೆ ಉಸಿರು ಬೇಕಲ್ಲ ಎನ್ನುತ್ತಿದ್ದರು.

ಎರಡು ದೇಶಗಳ ನಡುವೆ ಮಾತುಕತೆ ಎಂದು ಸುದ್ದಿ ಬಂದ ದಿನ ಮಾವ ನಮ್ಮ ಮನೆಗೆ ಟಿವಿ ನೋಡಲು ಬರುತ್ತಿದ್ದರು. ಮಂತ್ರಿಗಳು ಕೈ ಕುಲುಕುವುದನ್ನು ಅವರು ನೋಡುತ್ತಿರಲಿಲ್ಲ. ಅವರ ಕಣ್ಣು ಹಿಂದೆ ನಿಂತ ಕಾರುಗಳ ಮೇಲೆ. "ಒಳಗೇನ್ ನಡೀತೈತೆ ಅಂತ ಹೊರಗೆ ನಿಂತ ಡ್ರೈವರ್‌ಗೇ ಮೊದ್ಲು ಗೊತ್ತಾಗೋದು ಕಣವ್ವ," ಎಂದು ನನಗೆ ಪಾಠ ಹೇಳುತ್ತಿದ್ದರು. ಕಾರಿನ ಮೂತಿ ಗೇಟಿನ ಕಡೆ ಇದ್ದರೆ ಮಾತು ಬೇಗ ಮುರಿಯುತ್ತದೆ. ಕಟ್ಟಡದ ಕಡೆ ಇದ್ದರೆ ಕೂತು ಮಾತಾಡುತ್ತಾರೆ. ಡ್ರೈವರ್‌ಗಳು ಸೀಟಿನಲ್ಲೇ ಇದ್ದರೆ ಅತಿಥಿಗಳಿಗೆ ಬರೀ ಟೀ. ಸೀಟು ಖಾಲಿಯಿದ್ದರೆ ಡ್ರೈವರ್‌ಗಳನ್ನೂ ಊಟಕ್ಕೆ ಕರೆದಿದ್ದಾರೆ ಎಂದು ಅರ್ಥ, ಅಂಥ ದಿನ ಏನಾದರೂ ಒಪ್ಪಂದ ಆಗಿಯೇ ಆಗುತ್ತದೆ. ಪತ್ರಿಕೆಯಲ್ಲಿ 'ಪ್ರಾದೇಶಿಕ ರಾಜಕೀಯ ಅಸ್ಥಿರತೆ' ಎಂದು ಬಂದಿದ್ದನ್ನು ನಾನು ಗಟ್ಟಿಯಾಗಿ ಓದಿದಾಗ, "ಚಕ್ರಕ್ಕೆ ಕಲ್ಲು ಕೊಟ್ಟಿಲ್ಲ ಅಂತ ಅದ್ರ ಅರ್ಥ, ಬರ್ಕೋ," ಎಂದಿದ್ದರು.

ನಾನು ಬರೆದುಕೊಂಡೆ. ಅವರ ಭವಿಷ್ಯಗಳನ್ನೂ ಬರೆದಿಟ್ಟೆ. ಒಟ್ಟು ಹದಿನೇಳು. ಹನ್ನೊಂದು ಸರಿ, ಆರು ತಪ್ಪು.

ನನ್ನ ತಮ್ಮ ಚೇತನ್ ನೆರೆಯ ದೇಶವೊಂದರಲ್ಲಿ ಮೆಡಿಕಲ್ ಓದುತ್ತಿದ್ದಾನೆ. ಅವನು ಇನ್ನೂ ಅಲ್ಲೇ ಓದು ಮುಗಿಸಬೇಕಾಗಿರುವುದರಿಂದ ದೇಶದ ಹೆಸರು ಬರೆಯುವುದಿಲ್ಲ. ಈ ವರ್ಷ ಜೂನ್ ಮೊದಲ ವಾರ ಅಲ್ಲಿ ಸರ್ಕಾರ ಬಿದ್ದು, ಬೀದಿಯಲ್ಲಿ ಗಲಾಟೆ ಶುರುವಾಯಿತು. ಕಾಲೇಜು ಮುಚ್ಚಿತು, ಇಂಟರ್‌ನೆಟ್ ನಿಂತಿತು. ಹಾಸ್ಟೆಲಿನ ಲ್ಯಾಂಡ್‌ಲೈನಿನಿಂದ ದಿನಕ್ಕೆ ಒಂದು ಸಲ, ಹತ್ತು ನಿಮಿಷ, ಚೇತನ್ ಮಾತಾಡುತ್ತಿದ್ದ. ನಮ್ಮ ದೇಶದ ನಿಯೋಗವೊಂದು ಆ ರಾಜಧಾನಿಗೆ ಹೋಗಿತ್ತು. ಗಡಿಯ ಪರಿಸ್ಥಿತಿ, ನಮ್ಮ ವಿದ್ಯಾರ್ಥಿಗಳನ್ನು ಕರೆತರುವುದು, ಎರಡರ ಬಗ್ಗೆಯೂ ಮಾತುಕತೆ.

ಜೂನ್ 12ರ ಸಂಜೆ ನಾಲ್ಕಕ್ಕೆ ಫೋನು ಬಂತು. ಅವನ ಐವರು ಸ್ನೇಹಿತರು ಒಂದು ವ್ಯಾನು ಗೊತ್ತುಮಾಡಿಕೊಂಡು ಮರುದಿನ ಬೆಳಿಗ್ಗೆ ಗಡಿಗೆ ಹೊರಡುವವರಿದ್ದರು. ಇವನಿಗೂ ಒಂದು ಸೀಟು ಇತ್ತು. ಆರು ಗಂಟೆಯೊಳಗೆ ಹೇಳಬೇಕು. ಅಪ್ಪ ಹೋಗಲಿ ಎಂದು ತೀರ್ಮಾನಿಸಿಬಿಟ್ಟಿದ್ದರು. ಬೆಂಕಿ ಹತ್ತಿದ ಊರಿನಲ್ಲಿ ಮಗ ಕೂತಿರುವುದು ಅವರಿಗೆ ಸಹಿಸಲು ಆಗುತ್ತಿರಲಿಲ್ಲ. ಅಮ್ಮ ಮಾತ್ರ ಓಂಕಾರಣ್ಣನನ್ನು ಒಂದು ಮಾತು ಕೇಳೋಣ ಎಂದು ಹಟ ಹಿಡಿದರು. ನಾನು ಓಡಿಹೋಗಿ ಕರೆತಂದೆ.

ಟಿವಿಯಲ್ಲಿ ಒಂದೇ ದೃಶ್ಯ ಮತ್ತೆ ಮತ್ತೆ ಬರುತ್ತಿತ್ತು. ದೊಡ್ಡ ಬಿಳಿ ಕಟ್ಟಡ, ಕಲ್ಲು ಹಾಸಿದ ಅಂಗಳ, ಸಾಲಾಗಿ ಐದು ಕಾರು. ಮಾವ ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರಕ್ಕೆ ಹೋಗಿ ನೋಡಿದರು. ಅಷ್ಟು ಹೊತ್ತು ಅವರು ಯಾವುದನ್ನೂ ನೋಡಿದ್ದು ನನಗೆ ನೆನಪಿಲ್ಲ. ಆಮೇಲೆ ನಮ್ಮ ಕಡೆ ತಿರುಗಿದರು.

"ಮೂತಿ ಎಲ್ಲಾ ಕಟ್ಟಡದ ಕಡೆಗೈತೆ. ಸೀಟಲ್ಲಿ ಒಬ್ಬ ಡ್ರೈವರೂ ಇಲ್ಲ, ಊಟಕ್ಕೆ ಕರ್ದವ್ರೆ. ಮಾತು ಆಗ್ತದೆ, ವಿಮಾನ ಕಳಿಸ್ತಾರೆ. ಹುಡುಗ ಇರೋ ಕಡೆ ಇರ್ಲಿ. ರಸ್ತೆ ಮೇಲೆ ಹೋಗೋದು ಬೇಡ."

"ಟಿವಿಲಿ ಕಾರು ನೋಡ್ಕಂಡು ಮಗನ ಜೀವ ತೀರ್ಮಾನ ಮಾಡೋಕಾಯ್ತದಾ ಓಂಕಾರಣ್ಣ?" ಎಂದರು ಅಪ್ಪ.

"ನೀನು ಟಿವಿಲಿ ಆ ಸುದ್ದಿ ಓದೋ ಹುಡುಗೀ ಕಿರುಚಾಟ ಕೇಳ್ಕಂಡು ತೀರ್ಮಾನ ಮಾಡಿದ್ದೀಯ. ನಾನು ಕಾರಾದ್ರೂ ನೋಡ್ದೆ."

ಅಪ್ಪ ಟಿವಿ ಆರಿಸಿ, ಹಾಗೇ ಆಗಲಿ ಎಂದರು. ಆರಕ್ಕೆ ಐದು ನಿಮಿಷ ಇರುವಾಗ ನಾನೇ ಹಾಸ್ಟೆಲಿನ ನಂಬರಿಗೆ ಫೋನು ಮಾಡಿ ಚೇತನನಿಗೆ ಹೇಳಿದೆ, ಬೇಡ, ಅಲ್ಲೇ ಇರು. ಅವನಿಗೆ ಸಿಟ್ಟು ಬಂತು. ಕಾರಿನ ವಿಷಯ ನಾನು ಹೇಳಲಿಲ್ಲ. ಡೈರಿಯಲ್ಲಿ ಮಾತ್ರ ಬರೆದುಕೊಂಡೆ: 'ಐದು ಕಾರು. ಮೂರನೆಯದು ಕಪ್ಪು. ಮೂತಿ ಕಟ್ಟಡಕ್ಕೆ. ಸೀಟು ಖಾಲಿ.'

ಸ್ನೇಹಿತರ ವ್ಯಾನನ್ನು ಅರ್ಧ ದಾರಿಯಲ್ಲಿ ಜನ ತಡೆದರು. ಎರಡು ದಿನ ಅವರು ಒಂದು ಹಳ್ಳಿಯ ಶಾಲೆಯಲ್ಲಿ ಕೂತಿದ್ದು, ಸಾಮಾನು ಕಳೆದುಕೊಂಡು, ಬಂದ ದಾರಿಯಲ್ಲೇ ಹಿಂದಿರುಗಿದರು. ಒಬ್ಬನ ಕೈ ಮುರಿದಿತ್ತು. ಜೂನ್ 20ರಂದು ಸರ್ಕಾರ ಕಳಿಸಿದ ವಿಮಾನದಲ್ಲಿ ಆರೂ ಜನ ಬಂದರು. ನಾನು ಸರಿ ಎಂಬ ಪಟ್ಟಿಯಲ್ಲಿ ಹನ್ನೊಂದನೆಯ ಗೆರೆ ಎಳೆದೆ.

ಸೆಪ್ಟೆಂಬರ್ 8ರಂದು ಅದೇ ಎರಡು ದೇಶಗಳ ನಡುವೆ ಮತ್ತೊಂದು ಸುತ್ತಿನ ಮಾತುಕತೆ ನಡೆಯಿತು. ಅದೇ ವಾಹಿನಿಯಲ್ಲಿ ಬಿಳಿ ಕಟ್ಟಡ, ಐದು ಕಾರು, ಮೂರನೆಯದು ಕಪ್ಪು. ನನಗೆ ಅನುಮಾನ ಬಂತು. ಅಂಗಡಿಯ ಕಂಪ್ಯೂಟರಿನಲ್ಲಿ ಆ ವಿಡಿಯೊ ಹುಡುಕಿ, ನಿಲ್ಲಿಸಿ, ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಸಂಗ್ರಹ ಚಿತ್ರ' ಎಂದಿತ್ತು. ಅಂದರೆ ಜೂನ್‌ನಲ್ಲಿ ನಾವು ನೋಡಿದ್ದೂ ಅಂದಿನದಲ್ಲ, ಎಷ್ಟೋ ವರ್ಷ ಹಿಂದಿನದು. ಇನ್ನೂ ದೊಡ್ಡದು ಮಾಡಿದೆ. ಕಪ್ಪು ಕಾರಿನ ಬಲಗಡೆಯ ಹಿಂಚಕ್ರಕ್ಕೆ ಒಂದು ಕೆಂಪು ಕಲ್ಲು ಒತ್ತಿಕೊಂಡಿತ್ತು.

ಮರುದಿನ ತರೀಕೆರೆಯಲ್ಲಿ ಎಲ್ಲರೂ ಇಳಿದ ಮೇಲೆ ಆ ಚಿತ್ರದ ಪ್ರಿಂಟನ್ನು ಮಾವನ ಕೈಗೆ ಕೊಟ್ಟೆ. ಅವರು ಸ್ಟೀರಿಂಗ್ ಮೇಲೆ ಹರಡಿಕೊಂಡು ನೋಡಿದರು.

"ನಂದೇ ಗಾಡಿ," ಎಂದರು.

"ಜೂನಲ್ಲೇ ಗೊತ್ತಾಗಿತ್ತಾ ಮಾವ?"

"ನನ್ ಕಲ್ಲು ನಂಗ್ ಗೊತ್ತಾಗಲ್ವಾ?"

ಹಾಗಾದರೆ ನಮಗೆ ಸುಳ್ಳು ಹೇಳಿದಿರಾ ಎಂದು ಕೇಳಿದೆ. ರಸ್ತೆಯಲ್ಲಿ ಹೋಗಬೇಡ ಎಂದಷ್ಟೇ ಹೇಳಿದ್ದರೆ ನಿಮ್ಮಪ್ಪ ಯಾಕೆ ಎಂದು ಕೇಳುತ್ತಿದ್ದ, ಯಾಕೆ ಎನ್ನುವುದನ್ನು ಹೇಳಲು ನನ್ನಿಂದ ಆಗುತ್ತಿರಲಿಲ್ಲ ಎಂದರು. ಆಮೇಲೆ, ನಾನು ಕೇಳದೆಯೇ, ಹೇಳಿದರು.

ಹನ್ನೆರಡು ವರ್ಷದ ಹಿಂದೆ ಅದೇ ದೇಶದಲ್ಲಿ ಅಂಥದೇ ಗಲಾಟೆ, ಅಂಥದೇ ಮಾತುಕತೆ. ಚಿತ್ರದಲ್ಲಿರುವುದು ಆ ದಿನ. ಡ್ರೈವರ್‌ಗಳಿಗೆ ಹಿತ್ತಲಿನಲ್ಲಿ ಊಟ ಹಾಕಿದ್ದರು. ಗಡಿಯ ರಸ್ತೆ ಸುರಕ್ಷಿತ ಎಂದು ಎರಡೂ ಕಡೆಯವರು ಒಪ್ಪಿಕೊಂಡರು. ಮರುದಿನ ಬೆಳಿಗ್ಗೆ ನಮ್ಮ ದೇಶದ ನಾಲ್ವರನ್ನು ಗಡಿಗೆ ಬಿಟ್ಟುಬರಲು ಮಾವನನ್ನು ಕಳಿಸಿದರು. ದಾರಿಯಲ್ಲಿ ಒಂದು ಏರಿನ ಮೇಲೆ ಮರದ ದಿಮ್ಮಿ ಅಡ್ಡ ಹಾಕಿಕೊಂಡು ಜನ ನಿಂತಿದ್ದರು. ಮಾವ ನಿಲ್ಲಿಸಿ, ಇಳಿದು, ಚಕ್ರಕ್ಕೆ ಕಲ್ಲು ಕೊಟ್ಟರು. ನಾಲ್ವರಲ್ಲಿ ಒಬ್ಬನಿಗೆ ಅಲ್ಲಿಯ ಭಾಷೆ ಬರುತ್ತಿತ್ತು. ನಾನು ಮಾತಾಡುತ್ತೇನೆ ಎಂದು ಅವನು ಇಳಿದುಹೋದ. ಜನ ಅವನನ್ನು ಆಚೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ದಿಮ್ಮಿ ಸರಿಸಿ, ಹೋಗು ಹೋಗು ಎಂದು ಬಾನೆಟ್ ಮೇಲೆ ಗುದ್ದಿದರು. ಮಾವ ಕಲ್ಲನ್ನು ಎತ್ತಿಕೊಂಡು ಹೊರಟರು.

"ಮಾತುಕತೆ ಚೆನ್ನಾಗೇ ಆಗಿತ್ತು ಕಣವ್ವ. ಅದು ಒಳಗ್ ಕೂತಿದ್ದೋರ್ಗೆ ಗೊತ್ತಿತ್ತು. ರಸ್ತೇಲಿ ನಿಂತಿದ್ದೋರ್ಗೆ ಯಾರೂ ಹೇಳಿರ್ಲಿಲ್ಲ. ನಾಲ್ಕು ಜನ ಹತ್ತಿದ್ರು. ಗಡೀಲಿ ಮೂರು ಜನ ಇಳಿದ್ರು."

ಆ ನಾಲ್ಕನೆಯವನು ಬೆಳಿಗ್ಗೆ ಹತ್ತುವಾಗಲೇ ಮಾವನ ಕನ್ನಡ ಕೇಳಿ ಮುಂದಿನ ಸೀಟಿಗೆ ಬಂದು ಕೂತಿದ್ದನಂತೆ. ಇಬ್ಬರೂ ದಾರಿಯುದ್ದಕ್ಕೂ ನಮ್ಮ ಕಡೆಯ ಮಾತಾಡಿದ್ದರು. ಅವನ ಹೆಸರೇನು ಎಂದು ಕೇಳಿದೆ.

"ಯಾವೂರು ಅಂತ ಮೊದ್ಲು ಕೇಳ್ದೆ. ಬೀರೂರು ಕಡೆ ಅಂದ. ಆಮೇಲೆ ಊರಿನ್ ಮಾತೇ ಆಗೋಯ್ತು. ಹೆಸ್ರು ಕೇಳ್ಲಿಲ್ಲ ಕಣವ್ವ."

ಆಫೀಸಿನವರ ಪಟ್ಟಿಯಲ್ಲಿ ಹೆಸರಿತ್ತು. ಡ್ರೈವರ್‌ಗೆ ಅದನ್ನು ಯಾರೂ ತೋರಿಸಲಿಲ್ಲ. ಒಂದು ವಾರದಲ್ಲಿ ಇವರನ್ನು ಬೇರೆ ದೇಶಕ್ಕೆ ವರ್ಗ ಮಾಡಿದರು. ಅವನಿಗೆ ಏನಾಯಿತೆಂದು ಕೇಳಿ ಆಮೇಲೆ ಆ ಆಫೀಸಿಗೆ ಎರಡು ಕಾಗದ ಬರೆದರು, ಉತ್ತರ ಬರಲಿಲ್ಲ. ವ್ಯಾನು ಯಾಕೆ, ಬೀರೂರಿನ ಐದು ನಿಮಿಷ ಯಾಕೆ ಎಂದು ನಾನು ಮತ್ತೆ ಕೇಳಬೇಕಾಗಲಿಲ್ಲ. ಅಷ್ಟು ವರ್ಷ ಟೀ ಅಂಗಡಿಯಲ್ಲಿ ಅವರು ವಿಚಾರಿಸುತ್ತಿದ್ದುದು ಅದನ್ನೇ. ಆದರೆ ಹೆಸರಿಲ್ಲದೆ ಎಷ್ಟೆಂದು ವಿಚಾರಿಸುವುದು? ಅದರಲ್ಲೂ ನಡೆದದ್ದನ್ನು ಅವರು ಯಾರಿಗೂ ಪೂರ್ತಿ ಹೇಳುತ್ತಿರಲಿಲ್ಲ.

ನಾನು ಇಳಿದು ಅಂಗಡಿಯ ಕಡೆ ನಡೆದೆ. ತಿರುಗಿ ನೋಡಿದಾಗ ಮಾವ ಸೀಟಿನಲ್ಲೇ ಇದ್ದರು. ಚಕ್ರಕ್ಕೆ ಕಲ್ಲು ಇರಲಿಲ್ಲ. ಆ ರಾತ್ರಿ ನಾನು ಹನ್ನೊಂದನ್ನು ಹತ್ತು ಮಾಡಿದೆ. ಜೂನ್ 12ರದು ಭವಿಷ್ಯವಾಗಿರಲಿಲ್ಲ.

ಅಕ್ಟೋಬರ್ 18ರ ಶನಿವಾರ ಅವರು ಅಜ್ಜಂಪುರಕ್ಕೆ ಹೊರಟರು. ಎದೆಯಲ್ಲಿ ಹಿಡಿದಂತಾಗುತ್ತದೆ, ತಂಗಿಯ ಮನೆಯಲ್ಲಿ ಎರಡು ದಿನ ಇದ್ದು ಬರುತ್ತೇನೆ ಎಂದರು. ಬಸ್ಸಿನಲ್ಲಿ ಹೋಗುವುದರಿಂದ ಕಲ್ಲನ್ನು ನನ್ನ ಕೈಗೆ ಕೊಟ್ಟರು. "ವ್ಯಾನಿನ ಚಕ್ರಕ್ಕೆ ಕೊಟ್ಟಿರು. ಸೋಮವಾರ ಬತ್ತೀನಿ." ಮಂಗಳವಾರ, 21ರಂದು, ತಂಗಿಯ ಮಗ ಫೋನು ಮಾಡಿ ಮಾವ ಹೋಗಿಬಿಟ್ಟರೆಂದು ತಿಳಿಸಿದ. ಅರವತ್ತೊಂಬತ್ತು ವರ್ಷವಾಗಿತ್ತು. ವ್ಯಾನನ್ನು ಅವನು ತೆಗೆದುಕೊಂಡು ಹೋದ. ಕಲ್ಲು ಬೇಡ ಎಂದ. ಅದೀಗ ನಮ್ಮ ಹಿತ್ತಲ ಬಾಗಿಲಿಗೆ ಒತ್ತಿಕೊಂಡಿದೆ. ನಾನು ಈಗ ಬಸ್ಸಿನಲ್ಲಿ ಹೋಗುತ್ತೇನೆ. ಅದು ಬೀರೂರಿನಲ್ಲಿ ಮೂರೇ ನಿಮಿಷ ನಿಲ್ಲುತ್ತದೆ.

ಆ ನಾಲ್ಕನೆಯವನ ಬಗ್ಗೆ ಮಾವನಿಂದ ನನಗೆ ತಿಳಿದ ವಿವರ ಇಷ್ಟು: ಗಂಡಸು, ಆಗ ಮೂವತ್ತರ ಒಳಗೆ, ಕನ್ನಡಕ, ಬೀರೂರಿನ ಕಡೆಯವನು, ಹನ್ನೆರಡು ವರ್ಷದ ಹಿಂದೆ ನೆರೆಯ ದೇಶವೊಂದರಲ್ಲಿ ಕೆಲಸದಲ್ಲಿದ್ದವನು, ಅಲ್ಲಿಯ ಭಾಷೆ ಬಲ್ಲವನು. ಇಂಥವರೊಬ್ಬರು ನಿಮ್ಮ ಮನೆಯವರೋ ಬೀದಿಯವರೋ ಆಗಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ, ನನಗೆ ತಲುಪುತ್ತದೆ. ಬರೆದವರಿಗೆ ದೇಶದ ಹೆಸರನ್ನು ತಿಳಿಸುತ್ತೇನೆ. ಅವರು ಹಿಂದಿರುಗಿ ಬಂದು ಈಗ ಊರಲ್ಲೇ ಇದ್ದರೆ ಖಂಡಿತ ಬರೆಯಿರಿ. ಬರಲಿಲ್ಲವೆಂದರೂ ಬರೆಯಿರಿ, ಹೆಸರು ಮಾತ್ರ ಬಿಡಬೇಡಿ.