ಭಾವನ ನಿದ್ದೆಗೆ ಮುಯ್ಯಾಳು

ಹೋದ ಭಾನುವಾರ ರಾತ್ರಿ ಕೋಡಿಹಳ್ಳಿಯ ಅಕ್ಕನಿಗೆ ಫೋನ್ ಮಾಡಿದೆ. ಊಟ ಆಯ್ತಾ ಅಂತ ಕೇಳಲಿಲ್ಲ. ‘ಭಾವ ನಿದ್ದೆ ಮಾಡ್ತಿದ್ದಾರಾ?’ ಅಂದೆ.

‘ತಕ್ಕೋ, ನೀನೇ ಕೇಳು’ ಅಂತ ಮೊಬೈಲನ್ನು ಭಾವನ ಮೂಗಿಗೇ ಹಿಡಿದಳು. ಗೊರಕೆ! ನನಗೆ ಅಳುವೇ ಬಂತು. (ಗೊರಕೆ ಕೇಳಿ ಅತ್ತವಳು ನಾನೊಬ್ಬಳೇ ಇರಬೇಕು.)

ಭಾವ ಶಿವಲಿಂಗು ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ. ಮನೇಲಿ ರೇಷ್ಮೆ ಹುಳ. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಮುಂಚಿನ ವಾರ ನಮ್ಮ ಕಡೆ ಯಾರೂ ಸರಿಯಾಗಿ ಮಲಗಲ್ಲ. ಹಗಲೂ ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು.

ಹೋದ ವರ್ಷ ಆ ವಾರ ಭಾವ ಕಣ್ಣೇ ಮುಚ್ಚಲಿಲ್ಲ. ಡಬಲ್ ಶಿಫ್ಟ್ ಮಾಡಿದರು, ಉಯ್ಯಂಬಳ್ಳಿವರೆಗೂ ಹೋಗಿ ಸೊಪ್ಪು ತಂದರು, ಹಾಡಿದರು, ನಗಿಸಿದರು. ‘ದುಡುದ್ರೆ ಹಿಂಗೆ ದುಡೀಬೇಕು ಕಣ್ಲಾ’ ಅಂತ ಊರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾವೂ ಹೊಗಳಿದೆವು. ಕಾಯಿಲೆ ಅಂತ ಯಾರಿಗೆ ಹೊಳೀಬೇಕು?

ಗೂಡು ಮಾರಿದ ಮೇಲೂ ಭಾವನಿಗೆ ನಿದ್ದೆಯಿಲ್ಲ. ಸ್ವಂತ ಫ್ಯಾಕ್ಟರಿ ಹಾಕ್ತೀನಿ ಅಂತ ಕಂಡಕಂಡವರಿಗೆಲ್ಲ ಕೆಲಸ ಕೊಟ್ಟರು! ಆಮೇಲೆ ಗೋಡೆ ಕಡೆ ತಿರುಗಿ ಮಲಗಿದವರು ತಿಂಗಳುಗಟ್ಟಲೆ ಏಳಲಿಲ್ಲ. ಊರವರು ಸೋಮಾರಿ ಅಂದರು, ಗಾಳಿ ಸೋಕಿದೆ ಅಂದರು. ಕೊನೆಗೆ ಡಾಕ್ಟರು, ‘ಬೈಪೋಲಾರ್. ಆ ಉತ್ಸಾಹ, ಈ ಮಂಕು, ಎರಡೂ ಒಂದೇ ಕಾಯಿಲೆ. ಮಾತ್ರೆ ಬಿಡಬೇಡಿ, ನಿದ್ದೆಗೆಡಬೇಡಿ’ ಅಂದರು.

ಫ್ಯಾಕ್ಟರಿಯವರು ಡೇ ಶಿಫ್ಟ್ ಕೊಟ್ಟರು. ಆದರೆ ಹುಳಕ್ಕೆ ಶಿಫ್ಟ್ ಉಂಟಾ? ಈ ಸಲ ಹುಳವೇ ಬೇಡ ಅಂತ ಅಕ್ಕ ಹಟ ಹಿಡಿದಳು. ಭಾವ ಮೆಲ್ಲಗೆ ಕೇಳಿದರು: ‘ಹಂಗಾದ್ರೆ ಈ ಮನೇಲಿ ನಾನು ಬರೀ ರೋಗಿಯೇನೇ?’

ಆ ಮಾತನ್ನು ಅಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ. ಮುಚ್ಚಿಡೋದನ್ನು ಬಿಟ್ಟು ನೇರ ಪಕ್ಕದ ಮನೆ ಕೆಂಪಮ್ಮನ ಹತ್ತಿರ ಹೋದಳು. ‘ನಮ್ಮನೆಯೋರಿಗೆ ಇಂಥ ಕಾಯಿಲೆ ಐತೆ. ರಾತ್ರಿ ಮಲಗ್ಲೇಬೇಕು. ಸೊಪ್ಪು ಹಾಕಕ್ಕೆ ಮುಯ್ಯಾಳು ಬತ್ತೀರಾ?’ (ಇವತ್ತು ನೀನು ನನ್ನ ಕೆಲಸಕ್ಕೆ, ನಾಳೆ ನಾನು ನಿನ್ನ ಕೆಲಸಕ್ಕೆ. ಅದೇ ಮುಯ್ಯಿ.)

‘ಇದ ಹೇಳಕ್ಕೆ ಇಷ್ಟು ದಿನ ಬೇಕಾಯ್ತೇನವ್ವಾ?’ ಅಂತ ಬೈದು ಕೆಂಪಮ್ಮ ಸೊಸೆಯನ್ನೂ ಕರಕೊಂಡು ಬಂದರು. ನಾನು ಫೋನಿನಲ್ಲಿ ಗೊರಕೆ ಕೇಳಿದ್ದು ಆಗಲೇ.

ನಿನ್ನೆ ಭಾವನಿಗೆ ರಜೆ. ಬೆಳಗಾಗುತ್ತಲೇ ಕೆಂಪಮ್ಮ ಬಾಗಿಲಲ್ಲಿ ಹಾಜರು. ‘ಲೋ ಶಿವಲಿಂಗು, ನಮ್ಮ ಹುಳಾನೂ ಹಣ್ಣಾಯ್ತಾ ಐತೆ. ಸಂಜೆಗಂಟ ನಿನ್ನ ಮುಯ್ಯಿ. ಕತ್ತಲಾದ್ಮೇಲೆ ಕಂಡ್ಯೋ, ಓಡಿಸ್ಬುಡ್ತೀನಿ!’ ಭಾವ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟರಂತೆ.

ಕಾಯಿಲೆಯವರನ್ನು ಕಂಡು ‘ಅಯ್ಯೋ ಪಾಪ’ ಅನ್ನೋರು ಎಲ್ಲಾ ಕಡೆ ಇದ್ದಾರೆ. ‘ಬಾ, ಕೆಲಸ ಐತೆ’ ಅನ್ನೋರು ನಿಮ್ಮ ಬೀದಿಯಲ್ಲಿ ಎಷ್ಟು ಜನ?